ಹಾಕಿದ ತೇಪೆಯನ್ನೇ ಮತ್ತೆ ಕೇಳುವ ಕಂಪ್ಯೂಟರ್: ಅಪ್‌ಡೇಟ್ ಬಂದ ದಾರಿ

ಪ್ರತಿ ತಿಂಗಳು ಎರಡನೇ ಮಂಗಳವಾರ ಕಳೆದ ಮರುದಿನ ನಮ್ಮ ಕಡೆಯ ಸೇವಾ ಕೇಂದ್ರಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ಒಂದು ಮಾತು ತಪ್ಪದೆ ಕೇಳುತ್ತದೆ: ‘ಕಂಪ್ಯೂಟರ್ ಅಪ್‌ಡೇಟ್ ಆಗ್ತಾ ಇದೆ, ಒಂದರ್ಧ ಗಂಟೆ ಬಿಟ್ಟು ಬನ್ನಿ.’ ಪಹಣಿಗೆ ಬಂದವರು, ಆದಾಯ ಪ್ರಮಾಣಪತ್ರಕ್ಕೆ ಬಂದವರು ಕೂರುತ್ತಾರೆ. ಅಪ್‌ಡೇಟ್ ಮುಗಿಯುತ್ತದೆ, ಕೆಲಸ ಶುರುವಾಗುತ್ತದೆ. ಸಂಜೆಗೆ ಮತ್ತದೇ ಸಂದೇಶ: ಅಪ್‌ಡೇಟ್ ಬಂದಿದೆ, ಇನ್‌ಸ್ಟಾಲ್ ಮಾಡಿ. ಬೆಳಿಗ್ಗೆ ಹಾಕಿದ್ದೇ ಅದು.

ಇದನ್ನು ಸರಿಮಾಡಲು ಬಂದ ರಿಪೇರಿಯವರು ಹೆಚ್ಚಾಗಿ ಮಾಡುವುದು ಒಂದೇ ಕೆಲಸ, ಅಪ್‌ಡೇಟನ್ನೇ ಪೂರ್ತಿ ಬಂದ್ ಮಾಡುವುದು. ಆಗ ಕಾಟ ತಪ್ಪುತ್ತದೆ. ಆದರೆ ಊರಿನ ನೂರಾರು ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಇರುವ ಆ ಕಂಪ್ಯೂಟರಿಗೆ ಅಂದಿನಿಂದ ಬೀಗ ಇರುವುದಿಲ್ಲ. ಹಾಗಾಗಿ ಈ ಅಪ್‌ಡೇಟ್ ಎಂಬುದು ಎಲ್ಲಿಂದ ಬಂತು, ಹಾಕಿದ್ದನ್ನೇ ಮತ್ತೆ ಯಾಕೆ ಕೇಳುತ್ತದೆ ಎಂದು ಹಿಂದಿನಿಂದ ನೋಡಿಕೊಂಡು ಬರುವುದು ಒಳ್ಳೆಯದು ಎನಿಸಿತು.

ನಿಜವಾದ ತೇಪೆ

ಇಂಗ್ಲಿಷಿನಲ್ಲಿ ಇದಕ್ಕೆ ಇನ್ನೊಂದು ಹೆಸರು ‘ಪ್ಯಾಚ್’. ಅಂದರೆ ತೇಪೆ. ಇದು ಬರೀ ಹೋಲಿಕೆಯ ಮಾತಲ್ಲ. 1944ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಬಂದ ‘ಮಾರ್ಕ್ 1’ ಎಂಬ ದೊಡ್ಡ ಲೆಕ್ಕದ ಯಂತ್ರಕ್ಕೆ ಏನು ಮಾಡಬೇಕೆಂದು ಹೇಳುತ್ತಿದ್ದದ್ದು ಉದ್ದನೆಯ ಕಾಗದದ ಪಟ್ಟಿ. ಪಟ್ಟಿಯಲ್ಲಿ ತೂತುಗಳು. ಯಾವ ಜಾಗದಲ್ಲಿ ತೂತು ಇದೆ ಎನ್ನುವುದೇ ಯಂತ್ರಕ್ಕೆ ಆಜ್ಞೆ. ತಪ್ಪು ಜಾಗದಲ್ಲಿ ತೂತು ಬಿದ್ದಿದ್ದರೆ ಅದರ ಮೇಲೆ ಕಾಗದದ ಚೂರು ಅಂಟಿಸಿ ಮುಚ್ಚುತ್ತಿದ್ದರು. ಹರಿದ ಅಂಗಿಗೆ ನಮ್ಮಜ್ಜಿಯರು ಹಾಕುತ್ತಿದ್ದಂಥದ್ದೇ ತೇಪೆ.

ಮುಂದೆ ಕಾಗದ ಹೋಗಿ ಫ್ಲಾಪಿ ಬಂತು, ಸಿಡಿ ಬಂತು. ಆ ಕಾಲದಲ್ಲಿ ತೇಪೆಯನ್ನು ಯಾರೋ ತಂದುಕೊಡಬೇಕಿತ್ತು. 1998ರಲ್ಲಿ ವಿಂಡೋಸ್ 98 ಜೊತೆಗೆ ಮೈಕ್ರೋಸಾಫ್ಟ್ ಕಂಪನಿ ‘ವಿಂಡೋಸ್ ಅಪ್‌ಡೇಟ್’ ಎಂಬ ವೆಬ್‌ಸೈಟ್ ತೆರೆಯಿತು. ಬೇಕಾದವರು ಅಲ್ಲಿಗೆ ಹೋಗಿ ಇಳಿಸಿಕೊಳ್ಳಬೇಕು. 2000ದಲ್ಲಿ ಬಂದ ವಿಂಡೋಸ್ ಎಂಇಯಲ್ಲಿ ಕಂಪ್ಯೂಟರ್ ತಾನೇ ಹೋಗಿ ನೋಡಿ ಬರುವ ವ್ಯವಸ್ಥೆ ಸೇರಿತು. ಆದರೂ ಬಹಳ ಮಂದಿ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ನಡೆಯುತ್ತಿರುವ ಯಂತ್ರವನ್ನು ಯಾಕೆ ಮುಟ್ಟಬೇಕು ಎಂಬ ಭಾವನೆ.

2003ರ ಆಗಸ್ಟ್

ಆ ಭಾವನೆ ಮುರಿದದ್ದು ‘ಬ್ಲಾಸ್ಟರ್’ ಎಂಬ ವೈರಸ್ ಹುಳದಿಂದ. ವಿಂಡೋಸ್‌ನಲ್ಲಿದ್ದ ಒಂದು ತೂತಿಗೆ 2003ರ ಜುಲೈ 16ರಂದೇ ತೇಪೆ ಬಿಡುಗಡೆಯಾಗಿತ್ತು. ಹಾಕಿಕೊಂಡವರು ಕಡಿಮೆ. ಆಗಸ್ಟ್ 11ರಂದು ಹುಳ ಹರಡಲು ಶುರುವಾಯಿತು. ಮೇಲ್ ತೆರೆಯಬೇಕಿರಲಿಲ್ಲ, ಏನನ್ನೂ ಒತ್ತಬೇಕಿರಲಿಲ್ಲ. ಕಂಪ್ಯೂಟರ್ ಇಂಟರ್ನೆಟ್‌ಗೆ ಸೇರಿದ್ದರೆ ಸಾಕು. ಪರದೆಯ ಮೇಲೆ 60 ಸೆಕೆಂಡಿನ ಎಣಿಕೆ ಕಾಣಿಸಿಕೊಂಡು ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತಿತ್ತು. ತೇಪೆ ಇಳಿಸಿಕೊಳ್ಳೋಣ ಎಂದರೆ ಇಳಿದು ಮುಗಿಯುವ ಮೊದಲೇ ಮತ್ತೆ ರೀಸ್ಟಾರ್ಟ್.

ಇನ್ನೊಂದು ಸಂಗತಿ ಇದೆ. ಅಪ್‌ಡೇಟ್ ಸೈಟಿಗೆ ಕರೆದೊಯ್ಯುವ ಒಂದು ವಿಳಾಸದ ಮೇಲೆಯೇ ಆಗಸ್ಟ್ 16ರಿಂದ ದಾಳಿ ಮಾಡುವಂತೆ ಆ ಹುಳವನ್ನು ಬರೆದಿದ್ದರು. ಔಷಧಿ ಅಂಗಡಿಯ ದಾರಿಗೇ ಮುಳ್ಳು ಹಾಕಿದ ಹಾಗೆ. ಕಂಪನಿ ಆ ವಿಳಾಸವನ್ನೇ ಕೈಬಿಟ್ಟು ಪಾರಾಯಿತು.

ಅದೇ ವರ್ಷ ಅಕ್ಟೋಬರ್‌ನಿಂದ ತೇಪೆಗಳನ್ನು ಬಿಡಿಬಿಡಿಯಾಗಿ ಕೊಡುವುದನ್ನು ಬಿಟ್ಟು ತಿಂಗಳಿಗೊಂದು ದಿನ ಗೊತ್ತುಮಾಡಿದರು: ಎರಡನೇ ಮಂಗಳವಾರ. ಅಮೆರಿಕದಲ್ಲಿ ಅದು ಬೆಳಗಿನ ಹೊತ್ತು, ನಮ್ಮಲ್ಲಿ ರಾತ್ರಿ. ಹಾಗಾಗಿ ನಮ್ಮ ಕಂಪ್ಯೂಟರುಗಳಿಗೆ ಬುಧವಾರ ಬೆಳಿಗ್ಗೆ ಕೆಲಸ. 2004ರ ಆಗಸ್ಟ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬಂದ ದೊಡ್ಡ ಅಪ್‌ಡೇಟ್, ತಾನಾಗಿಯೇ ತೇಪೆ ಹಾಕಿಕೊಳ್ಳುವ ವ್ಯವಸ್ಥೆಯನ್ನು ಚಾಲೂ ಮಾಡಿ ಎಂದು ಮೊದಲ ಪರದೆಯಲ್ಲೇ ಒತ್ತಾಯಿಸಿತು. 2015ರ ವಿಂಡೋಸ್ 10 ಹೊತ್ತಿಗೆ ಮನೆಬಳಕೆಯ ಕಂಪ್ಯೂಟರಿನಲ್ಲಿ ಬೇಡ ಎನ್ನುವ ಅವಕಾಶವೇ ಹೋಯಿತು. ಸ್ವಲ್ಪ ದಿನ ಮುಂದೂಡಬಹುದು, ಅಷ್ಟೇ.

ಈ ಒತ್ತಾಯಕ್ಕೆ ಕಾರಣವಿತ್ತು. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಹುಳ ಜಗತ್ತಿನ ತುಂಬ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದಕ್ಕೆ ಬೇಕಾದ ತೇಪೆ ಮಾರ್ಚ್ 14ಕ್ಕೇ ಬಂದಿತ್ತು. ಎರಡು ತಿಂಗಳು ಹಾಕಿಕೊಳ್ಳದೆ ಕೂತವರೇ ಹೆಚ್ಚಾಗಿ ಸಿಕ್ಕಿಬಿದ್ದದ್ದು.

ಹಾಕುವವರು ಬೇರೆ, ಬರೆದುಕೊಳ್ಳುವವರು ಬೇರೆ

ಈಗ ಮೂಲ ಪ್ರಶ್ನೆ. ಹಾಕಿದ್ದನ್ನೇ ಮತ್ತೆ ಕೇಳುವುದು ಯಾಕೆ?

ತಾಯಿ ಕಾರ್ಡ್ ನೆನಪಿಸಿಕೊಳ್ಳಿ. ಮಗುವಿಗೆ ಲಸಿಕೆ ಹಾಕಿಸಿದ್ದೀರಿ, ಆದರೆ ಕಾರ್ಡಿನಲ್ಲಿ ಬರೆದಿಲ್ಲ. ಆಶಾ ಕಾರ್ಯಕರ್ತೆ ಮುಂದಿನ ಸಲ ಬಂದಾಗ ಲಸಿಕೆ ಬಾಕಿ ಇದೆ ಎನ್ನುತ್ತಾರೆ. ಅವರು ನೋಡುವುದು ಕಾರ್ಡನ್ನು, ಮಗುವಿನ ತೋಳನ್ನಲ್ಲ. ವಿಂಡೋಸ್‌ನಲ್ಲೂ ಎರಡು ಕೆಲಸಗಳಿವೆ. ಒಂದು ಭಾಗ ಅಪ್‌ಡೇಟ್ ಹಾಕುತ್ತದೆ. ಇನ್ನೊಂದು ಭಾಗ ಅದು ಇದೆಯೋ ಇಲ್ಲವೋ ಎಂದು ಕಡತದ ಆವೃತ್ತಿ, ಒಳಗಿನ ದಾಖಲೆ ನೋಡಿ ಹೇಳುತ್ತದೆ. ಎರಡರ ಲೆಕ್ಕ ತಾಳೆಯಾಗದಿದ್ದರೆ ಹಾಕಿದ್ದನ್ನೇ ಮತ್ತೆ ಕೇಳುವುದು ಶುರು.

ಲೆಕ್ಕ ತಪ್ಪುವುದು ಹಲವು ರೀತಿ. ಕೆಲವೊಮ್ಮೆ ಕಂಪನಿಯೇ ಬರೆದ ಪರೀಕ್ಷೆಯ ನಿಯಮ ತಪ್ಪಿರುತ್ತದೆ. ಆಗ ತೇಪೆಯನ್ನು ಬದಲಿಸದೆ ಪರೀಕ್ಷೆಯನ್ನಷ್ಟೇ ತಿದ್ದಿ ಮತ್ತೆ ಬಿಡುಗಡೆ ಮಾಡಿದ ಉದಾಹರಣೆಗಳು ಬೇಕಾದಷ್ಟಿವೆ. ಕೆಲವೊಮ್ಮೆ ನಡುವೆ ಕರೆಂಟ್ ಹೋಗುತ್ತದೆ. ಅರ್ಧ ಹಾಕಿದ್ದನ್ನು ಹಾಗೇ ಬಿಟ್ಟರೆ ಅಪಾಯ ಎಂದು ವಿಂಡೋಸ್ ಎಲ್ಲವನ್ನೂ ಹಿಂದಕ್ಕೆ ತೆಗೆದು ಮೊದಲಿನ ಸ್ಥಿತಿಗೆ ಬರುತ್ತದೆ, ಆಮೇಲೆ ಮತ್ತೆ ಕೇಳುತ್ತದೆ. ಇನ್ನು ಕೆಲವೊಮ್ಮೆ ಅಪ್‌ಡೇಟ್ ಸರಿಯಾಗಿಯೇ ಇಳಿದಿರುತ್ತದೆ, ಕೊನೆಯ ಹಂತಕ್ಕೆ ಬೇಕಾದ ರೀಸ್ಟಾರ್ಟ್ ಮಾತ್ರ ಆಗಿರುವುದಿಲ್ಲ.

ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡಿದೆವಲ್ಲ ಎಂದು ನೀವು ಕೇಳಬಹುದು. 2012ರ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟ್‌ಅಪ್’ ಎಂಬ ಏರ್ಪಾಡು ಇದೆ. ಬೇಗ ಶುರುವಾಗಲೆಂದು, ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ಇದ್ದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ‘ರೀಸ್ಟಾರ್ಟ್’ ಒತ್ತಿದಾಗ ಮಾತ್ರ ಪೂರ್ತಿ ಮುಚ್ಚಿ ಹೊಸದಾಗಿ ಏಳುತ್ತದೆ. ಬಾಕಿ ಉಳಿದ ಅಪ್‌ಡೇಟ್ ಎಷ್ಟೋ ಸಲ ಒಂದು ರೀಸ್ಟಾರ್ಟ್‌ಗೆ ಮುಗಿಯುವುದು ಇದೇ ಕಾರಣಕ್ಕೆ.

ಎರಡು ದೊಡ್ಡ ಗೋಳು

2008ರ ಫೆಬ್ರುವರಿಯಲ್ಲಿ ವಿಂಡೋಸ್ ವಿಸ್ತಾಗೆ ಒಂದು ದೊಡ್ಡ ಅಪ್‌ಡೇಟ್ ಬರುವುದಿತ್ತು. ಅದಕ್ಕೆ ದಾರಿ ಮಾಡಲು ಮೊದಲು ಒಂದು ಸಣ್ಣದನ್ನು ಕಳಿಸಿದರು. ಅಪ್‌ಡೇಟ್ ಹಾಕುವ ಯಂತ್ರಾಂಗವನ್ನೇ ಸರಿಮಾಡುವ ಅಪ್‌ಡೇಟ್ ಅದು. ಕೆಲವು ಕಂಪ್ಯೂಟರುಗಳಲ್ಲಿ ‘3ರಲ್ಲಿ 3ನೇ ಹಂತ’ ಎಂದು ತೋರಿಸಿ, ಮುಗಿಯದೆ ರೀಸ್ಟಾರ್ಟ್ ಆಗಿ, ಮತ್ತೆ ಅದೇ ಹಂತಕ್ಕೆ ಬಂದು ನಿಲ್ಲುತ್ತಿತ್ತು. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ತಾನಾಗಿ ಹಂಚುವುದನ್ನು ನಿಲ್ಲಿಸಿತು.

ಇನ್ನೊಂದು ತೀರಾ ಈಚಿನದು. 2024ರ ಜನವರಿ 9ರಂದು ವಿಂಡೋಸ್ 10ಕ್ಕೆ ಕೆಬಿ 5034441 ಎಂಬ ಅಪ್‌ಡೇಟ್ ಬಂತು. ಹಾರ್ಡ್ ಡಿಸ್ಕಿನಲ್ಲಿ ‘ರಿಕವರಿ’ ಎಂಬ ಸಣ್ಣ ಪಾಲು ಇರುತ್ತದೆ, ಕಂಪ್ಯೂಟರ್ ಕೆಟ್ಟಾಗ ಎಬ್ಬಿಸುವ ಸಾಮಾನು ಇಡುವ ಕೋಣೆ. ಅದರ ಮೂಲಕ ಡಿಸ್ಕಿನ ಬೀಗ ದಾಟಿ ಒಳಗೆ ಹೋಗಬಹುದಾದ ಒಂದು ತೂತನ್ನು ಮುಚ್ಚಲು ಬಂದ ತೇಪೆ ಇದು. ಹಾಕಲು ಆ ಕೋಣೆಯಲ್ಲಿ 250 ಎಂಬಿ ಖಾಲಿ ಜಾಗ ಬೇಕು. ಬಹಳ ಕಂಪ್ಯೂಟರುಗಳಲ್ಲಿ ಕೋಣೆಯನ್ನು ಮೊದಲೇ ಚಿಕ್ಕದಾಗಿ ಕಟ್ಟಿದ್ದರು.

ಜಾಗ ಸಾಲದು ಎಂದು ಅದು ನೇರವಾಗಿ ಹೇಳಬೇಕಿತ್ತು. ಹೇಳಲಿಲ್ಲ. ದೋಷದ ಸಂದೇಶ ಕೊಡುವ ಭಾಗದಲ್ಲೇ ದೋಷವಿದ್ದು, ‘0ಎಕ್ಸ್80070643’ ಎಂಬ ಸಂಖ್ಯೆ ತೋರಿಸಿತು. ಅದರ ಅರ್ಥ ‘ಇನ್‌ಸ್ಟಾಲ್ ಆಗಲಿಲ್ಲ’ ಎಂದಷ್ಟೇ. ಅದು ಕಣ್ಣಿಗೇ ಕಾಣುತ್ತಿತ್ತು! ಮತ್ತೆ ಪ್ರಯತ್ನ, ಮತ್ತೆ ಸೋಲು. ಸಿ ಡ್ರೈವ್‌ನಲ್ಲಿ ಫೋಟೋ, ಕಡತ ಅಳಿಸಿ ಜಾಗ ಮಾಡಿದರೂ ಪ್ರಯೋಜನವಿಲ್ಲ, ಯಾಕೆಂದರೆ ತುಂಬಿರುವುದು ಬೇರೆ ಕೋಣೆ. ಆ ಕೋಣೆಯೇ ಇಲ್ಲದ ಕಂಪ್ಯೂಟರುಗಳಿಗೂ ಈ ಅಪ್‌ಡೇಟ್ ಹೋಯಿತು. ಅಂಥವರಿಗೆ ಇದರ ಅಗತ್ಯವೇ ಇಲ್ಲ ಎಂದು ಕಂಪನಿ ಹೇಳಿತು. ಕೆಲವು ತಿಂಗಳ ನಂತರ, ವಿಂಡೋಸ್ 10ರಲ್ಲಿ ಇದಕ್ಕೆ ತಾನಾಗಿ ಆಗುವ ಪರಿಹಾರ ಕೊಡಲಾಗುವುದಿಲ್ಲ, ಡಿಸ್ಕಿನ ಪಾಲನ್ನು ಕೈಯಾರೆ ದೊಡ್ಡದು ಮಾಡಿಕೊಳ್ಳಿ ಎಂದಿತು. ಅದು ಗೊತ್ತಿಲ್ಲದವರು ಕೈಹಾಕಿದರೆ ಇದ್ದ ದಾಖಲೆಯೂ ಹೋಗುವಂಥ ಕೆಲಸ.

ನಿಮ್ಮಲ್ಲಿ ಹೀಗಾದರೆ

ಮೊದಲು ‘ಸೆಟ್ಟಿಂಗ್ಸ್’ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು ‘ಅಪ್‌ಡೇಟ್ ಹಿಸ್ಟರಿ’ ನೋಡಿ. ಪ್ರತಿ ಅಪ್‌ಡೇಟಿಗೂ ಕೆಬಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಮತ್ತೆ ಮತ್ತೆ ಬರುತ್ತಿರುವುದರ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಇದು ಮೂರರಲ್ಲಿ ಯಾವುದು ನೋಡಿ.

ಒಂದು, ರೋಗವೇ ಅಲ್ಲದ್ದು. ಕೆಬಿ 2267602 ಎಂಬುದು ವೈರಸ್ ಪತ್ತೆಗೆ ಬರುವ ಪಟ್ಟಿ. ಹೆಚ್ಚುಕಡಿಮೆ ದಿನವೂ ಬರುತ್ತದೆ, ಸಂಖ್ಯೆ ಯಾವಾಗಲೂ ಅದೇ. ಕಂಸದೊಳಗಿನ ಆವೃತ್ತಿಯ ಅಂಕಿ ಮಾತ್ರ ಬೇರೆ. ಕೆಬಿ 890830 ಕೂಡ ಹಾಗೆಯೇ, 2005ರಿಂದ ಅದೇ ಸಂಖ್ಯೆಯಲ್ಲಿ ಬರುತ್ತಿದೆ. ಇವೆರಡನ್ನು ನೋಡಿ ಗಾಬರಿಯಾಗಬೇಡಿ.

ಎರಡು, ‘ಯಶಸ್ವಿ’ ಎಂದು ತೋರಿಸಿ ಮತ್ತೆ ಕೇಳುವುದು. ಇದು ಕಾರ್ಡಿನ ತಪ್ಪು. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಮಾಡಿ. ಹೋಗದಿದ್ದರೆ ಸೆಟ್ಟಿಂಗ್ಸ್‌ನ ‘ಟ್ರಬಲ್‌ಶೂಟ್’ನಲ್ಲಿ ವಿಂಡೋಸ್ ಅಪ್‌ಡೇಟ್ ಆರಿಸಿ ಓಡಿಸಿ. ಅದಕ್ಕೂ ಬಗ್ಗದಿದ್ದರೆ, ಗೊತ್ತಿರುವವರು ಅಪ್‌ಡೇಟ್ ಸೇವೆಯನ್ನು ನಿಲ್ಲಿಸಿ ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ ಎಂಬ ಫೋಲ್ಡರಿನ ಹೆಸರು ಬದಲಿಸುತ್ತಾರೆ. ಆಗ ವಿಂಡೋಸ್ ಹೊಸ ಫೋಲ್ಡರ್ ಮಾಡಿಕೊಂಡು ಎಲ್ಲವನ್ನೂ ಹೊಸದಾಗಿ ಇಳಿಸುತ್ತದೆ. ನೆನಪಿರಲಿ, ಡೇಟಾ ಮತ್ತೆ ಖರ್ಚಾಗುತ್ತದೆ.

ಮೂರು, ‘ವಿಫಲ’ ಎಂದು ಎರರ್ ಸಂಖ್ಯೆ ಕೊಡುವುದು. ಡಿಸ್ಕಿನಲ್ಲಿ ಜಾಗ ನೋಡಿ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಅದನ್ನು ಮೊದಲು ಸರಿಮಾಡಿಸಿ, ತ್ರೀ ಫೇಸ್ ಹೋಗುವ ಹೊತ್ತಿಗೆ ಅಪ್‌ಡೇಟ್ ಒತ್ತಬೇಡಿ. ವಿಂಡೋಸ್‌ನ ಸ್ವಂತ ಕಡತಗಳು ಕೆಟ್ಟಿದ್ದರೆ ಪರೀಕ್ಷಿಸಿ ಸರಿಮಾಡಲು ಎಸ್‌ಎಫ್‌ಸಿ ಮತ್ತು ಡಿಐಎಸ್‌ಎಂ ಎಂಬ ಎರಡು ಆಜ್ಞೆಗಳು ಒಳಗೇ ಇವೆ. ರಿಪೇರಿಯವರಿಗೆ ಇವನ್ನು ಓಡಿಸಿ ನೋಡಿದಿರಾ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ, ದುಡ್ಡು ಕೊಡುವವರು ನೀವು.

ಫೋನ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರು ಆ ವೈಫೈ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತು ಮಾಡಿಡಿ. ಹೆಚ್ಚಿನ ಅಪ್‌ಡೇಟ್‌ಗಳು ತಾವಾಗಿ ಇಳಿದು ಡೇಟಾ ತಿನ್ನುವುದು ತಪ್ಪುತ್ತದೆ. ಪ್ರಮಾಣಪತ್ರಗಳ ಗಡಿಬಿಡಿಯ ವಾರ ಇದ್ದರೆ ‘ಪಾಸ್’ ಒತ್ತಿ ಒಂದು ವಾರ ಮುಂದೂಡಿ. ಪೂರ್ತಿ ಬಂದ್ ಮಾತ್ರ ಮಾಡಿಸಬೇಡಿ. ಈಗಾಗಲೇ ಮಾಡಿಸಿದ್ದರೆ ಅದನ್ನು ಮತ್ತೆ ಚಾಲೂ ಮಾಡಿಸಿ.

ಕೊನೆಯದಾಗಿ ವಿಂಡೋಸ್ 10 ಇಟ್ಟುಕೊಂಡವರಿಗೆ. 2025ರ ಅಕ್ಟೋಬರ್ 14ಕ್ಕೆ ಅದರ ಉಚಿತ ತೇಪೆಗಳು ನಿಂತವು. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ತೇಪೆ ಮುಂದುವರಿಸುವ ಏರ್ಪಾಡು ಕೊಟ್ಟರು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಅಂಗ ಬೇಕು, ಹಳೆಯ ಕಂಪ್ಯೂಟರುಗಳಲ್ಲಿ ಅದು ಇರುವುದಿಲ್ಲ. ನಿಮ್ಮ ಕಂಪ್ಯೂಟರ್ ಇದ್ದಕ್ಕಿದ್ದಂತೆ ಅಪ್‌ಡೇಟ್ ಕೇಳುವುದನ್ನೇ ಬಿಟ್ಟಿದ್ದರೆ ಕಾಟ ತಪ್ಪಿತು ಎಂದು ಸುಮ್ಮನಾಗಬೇಡಿ. ಅಪ್‌ಡೇಟ್ ಹಿಸ್ಟರಿ ತೆರೆದು ಕೊನೆಯ ತೇಪೆ ಬಿದ್ದ ತಾರೀಕು ಯಾವುದು ನೋಡಿ. ಅದು ತಿಂಗಳುಗಟ್ಟಲೆ ಹಿಂದಿನದಾಗಿದ್ದರೆ ಊರವರ ಆಧಾರ್ ಪ್ರತಿಗಳನ್ನು ಆ ಯಂತ್ರದಲ್ಲಿ ಇಡಬೇಡಿ.