ದುಃಖಕ್ಕೆ ಮದ್ದುಂಟೆ?

ಮಳೆ ಕೈಕೊಟ್ಟ ವರ್ಷ ಕಡೂರಿನ ಬಯಲಿನಲ್ಲಿ ತೆಂಗಿನ ಸುಳಿ ಒಣಗುತ್ತದೆ. ತರೀಕೆರೆಯ ಕಡೆ ಅಡಕೆಯ ತೋಟ ಬಾಡುತ್ತದೆ. ಬೆಲೆ ಬಿದ್ದರೆ ಅಜ್ಜಂಪುರದ ಈರುಳ್ಳಿ ಹೊಲದಲ್ಲಿಯೇ ಕೊಳೆಯುವುದುಂಟು. ಆಗ ರೈತನಿಗೆ ನಿದ್ದೆ ಬಾರದು, ಅನ್ನ ಸೇರದು. ಇದನ್ನು ರೋಗವೆನ್ನೋಣವೆ, ಬದುಕಿನ ಸಹಜವಾದ ನೋವೆನ್ನೋಣವೆ? ಪ್ರಶ್ನೆ ಬಹಳ ಹಳೆಯದು.

ಚರಕಸಂಹಿತೆಯು ಶೋಕ, ಭಯ, ಕ್ರೋಧಗಳನ್ನು ಮನುಷ್ಯನು ಹತೋಟಿಯಲ್ಲಿಡಬೇಕಾದ ವೇಗಗಳೆಂದು ಎಣಿಸಿತು. ಶೋಕ ಮತ್ತು ಭಯಗಳಿಂದ ಜ್ವರ, ಅತಿಸಾರಗಳೂ ಹುಟ್ಟಬಹುದೆಂದಿತು. ಎಂದರೆ, ದುಃಖವು ರೋಗಕ್ಕೆ ದಾರಿಯಾಗಬಲ್ಲದೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

1876-78ರ ಮಹಾಕ್ಷಾಮದ ಕಥೆ ಇನ್ನೊಂದು ಪಾಠ ಹೇಳುತ್ತದೆ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬೆಂಗಳೂರಿನಲ್ಲಿ ಆ ವೇಳೆಗೆ ಹುಚ್ಚಾಸ್ಪತ್ರೆಯೊಂದು ಇದ್ದಿತು. ಆದರೆ ಹಸಿದವರ ಸಂಕಟ ಅದರ ಬಾಗಿಲಿಗೆ ಹೋಗುವಂಥದಾಗಿರಲಿಲ್ಲ. ಅದಕ್ಕೆ ಬೇಕಾಗಿದ್ದುದು ಗಂಜಿ ಮತ್ತು ಕೂಲಿ.

ಅದೇ ಆಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆಯಿತು. 1954ರಲ್ಲಿ ಅದರ ಜೊತೆಯಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು; ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದೇ 1950ರ ದಶಕದಲ್ಲಿ ಖಿನ್ನತೆಯನ್ನು ಇಳಿಸುವ ಗುಳಿಗೆಗಳೂ ಬಂದವು. ಬೈಗುಳವಾಗಿದ್ದ ಹುಚ್ಚು ಹೀಗೆ ಕಾಯಿಲೆಯಾಯಿತು. ಇದು ದೊಡ್ಡ ಉಪಕಾರ.

ಆದರೆ ಬಾಗಿಲು ಅಗಲವಾದಷ್ಟೂ ಒಳಗೆ ಬರುವವರು ಹೆಚ್ಚು. ಆಪ್ತರು ಸತ್ತ ಮೊದಲ ಎರಡು ತಿಂಗಳು ಖಿನ್ನತೆಯ ಹೆಸರನ್ನು ಸುಲಭವಾಗಿ ಹಚ್ಚಬಾರದೆಂಬ ವಿನಾಯಿತಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿತ್ತು. 2013ರಲ್ಲಿ ಅದನ್ನು ತೆಗೆದುಹಾಕಿದಾಗ ವೈದ್ಯರಲ್ಲಿಯೇ ವಾಗ್ವಾದವೆದ್ದಿತು. ನಮ್ಮಲ್ಲಿ ರೈತರ ಆತ್ಮಹತ್ಯೆಗಳನ್ನು ಕುರಿತ ಡಾ. ವೀರೇಶ್ ಸಮಿತಿಯ 2002ರ ವರದಿ ಕುಡಿತ, ಕುಟುಂಬಕಲಹಗಳನ್ನು ಮುಂದುಮಾಡಿತೆಂದೂ, ಸಾಲ ಮತ್ತು ಬೆಳೆನಷ್ಟದ ಭಾರವನ್ನು ಹಗುರಮಾಡಿತೆಂದೂ ಟೀಕೆಗೆ ಗುರಿಯಾಯಿತು.

ಎರಡು ಕಡೆಯೂ ಅಪಾಯವುಂಟು. ಸಾಲದ ಪತ್ರವನ್ನು ಗುಳಿಗೆ ತೀರಿಸಲಾರದು. ಹಾಗೆಂದು ‘ಕಾಲವೇ ಮದ್ದು’ ಎಂದು ಕೈಕಟ್ಟಿ ಕುಳಿತರೆ ಒಂದು ಜೀವವೇ ಹೋಗಬಹುದು. ಬೇಸರ ವಾರಗಟ್ಟಲೆ ಬಿಡದೆ ಕೆಲಸ, ನಿದ್ದೆ, ಊಟ ನಿಂತರೆ ವೈದ್ಯರನ್ನು ಕಾಣತಕ್ಕದ್ದು. ಸಾಯುವ ಮಾತು ಬಾಯಿಗೆ ಬಂದರಂತೂ ಒಂದು ದಿನವೂ ತಡಮಾಡಬಾರದು. ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416; ಕರೆಗೆ ಖರ್ಚಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಉಳಿದ ದುಃಖವನ್ನು ನೆರೆಹೊರೆ, ಸಹಕಾರ ಸಂಘ, ಸರ್ಕಾರಗಳು ಹಂಚಿಕೊಳ್ಳಬೇಕು. ಒಣಗಿದ ತೆಂಗಿಗೆ ನೀರನ್ನು ಯಾವ ಔಷಧದಂಗಡಿಯೂ ಮಾರುವುದಿಲ್ಲ.