ಮೇಜಿನ ಮೇಲೊಬ್ಬ ನಟ: ಶರಾಕು ಚಿತ್ರಗಳ ಕಥೆ

ವಸ್ತುಸಂಗ್ರಹಾಲಯಗಳ ಮಳಿಗೆಗಳಲ್ಲಿ ಮಾರುವ ಮೌಸ್ ಪ್ಯಾಡು, ಫೈಲು, ನೋಟುಪುಸ್ತಕಗಳ ಮೇಲೆ ಒಂದು ಮುಖವನ್ನು ನಮ್ಮಲ್ಲಿ ಹಲವರು ಕಂಡಿರುತ್ತೇವೆ. ಬಿಗಿದ ತುಟಿ, ಮೂಗಿನತ್ತ ಸರಿದ ಕಣ್ಣಾಲಿಗಳು, ಎದೆಯ ಬಳಿಯಿಂದ ಚಾಚಿ ಬೆರಳು ಹರಡಿದ ಎರಡು ಕೈಗಳು. ಯಾರೋ ಸಿಟ್ಟಿಗೆದ್ದ ಜಪಾನೀಯನೆಂದು ನಾವು ಮುಂದೆ ಸಾಗುತ್ತೇವೆ. ಆದರೆ ಆತನಿಗೊಂದು ಹೆಸರಿದೆ, ಊರಿದೆ, ಪಾತ್ರವಿದೆ.

ಊರು ಎಡೊ, ಅಂದರೆ ಇಂದಿನ ಟೋಕಿಯೊ. ವರ್ಷ 1794. ಕವರಾಜಾಕಿ ರಂಗಶಾಲೆಯ ಕಬುಕಿ ನಾಟಕವೊಂದರಲ್ಲಿ ಮೂರನೆಯ ಓತಾನಿ ಓನಿಜಿ ಎಂಬ ನಟ ಎಡೊಬೇ ಎಂಬ ದುಷ್ಟ ಸೇವಕನ ಪಾತ್ರ ವಹಿಸಿದ್ದನು. ಆ ಕೈಗಳು ಚಾಚಿರುವುದು ಹಣ ದೋಚುವುದಕ್ಕೆ. ಅವನಿಗೆ ಎದುರಾದ ಇಪ್ಪೇ ಎಂಬ ಸೇವಕನ ಚಿತ್ರ ಬೇರೊಂದು ಹಾಳೆಯಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ರಂಗದ ಕಾಳಗವೇ ಕಣ್ಣೆದುರು ನಿಲ್ಲುತ್ತದೆ.

ಬರೆದವನು ತೋಶೂಸಾಯ್ ಶರಾಕು. ಪ್ರಕಾಶಕ ತ್ಸುತಾಯ ಜೂಜಾಬುರೊ. ಇಂಥ ಚಿತ್ರ ಒಬ್ಬನ ಕೈಯ ಕೆಲಸವಲ್ಲ. ಚಿತ್ರಕಾರನ ರೇಖೆಗಳನ್ನು ಕೆತ್ತನೆಗಾರನು ಚೆರಿ ಮರದ ಹಲಗೆಯಲ್ಲಿ ಕೊರೆಯುತ್ತಿದ್ದನು. ಮುದ್ರಕನು ಬಣ್ಣಕ್ಕೊಂದು ಹಲಗೆಯಂತೆ ಕೈಯಿಂದಲೇ ಉಜ್ಜಿ ಅಚ್ಚೊತ್ತುತ್ತಿದ್ದನು. ಶರಾಕುವಿನ ಮೊದಲ 28 ಚಿತ್ರಗಳ ಹಿನ್ನೆಲೆಗೆ ಅಭ್ರಕದ ಪುಡಿಯಿಂದ ಮಿನುಗುವ ಕಪ್ಪುಛಾಯೆ ಬಂದಿದೆ.

ನಟರ ಮುಖಗಳು ದಿನಬಳಕೆಯ ವಸ್ತುಗಳ ಮೇಲೆ ಬಂದುದು ಹೊಸ ಸಂಗತಿಯಲ್ಲ. ಎಡೊ ಕಾಲದಲ್ಲೇ ಅವು ಬೀಸಣಿಗೆ, ಆಟದ ಹಲಗೆ, ಹೊಸವರ್ಷದ ಚೆಂಡಾಟದ ಬ್ಯಾಟುಗಳನ್ನು ಅಲಂಕರಿಸಿದ್ದವು. ಬಿಡಿ ಚಿತ್ರಗಳೂ ಪಟ್ಟಣದ ಸಾಮಾನ್ಯರು ಕೊಳ್ಳುವ ಸರಕೇ ಆಗಿದ್ದವು. ವ್ಯತ್ಯಾಸ ಇರುವುದು ನೋಡುವವರಲ್ಲಿ. ಎಡೊ ಪ್ರೇಕ್ಷಕನು ಮುಖದಿಂದಲೂ ಉಡುಪಿನ ಮೇಲಿನ ಮನೆತನದ ಲಾಂಛನದಿಂದಲೂ ನಟನನ್ನು ಗುರುತಿಸುತ್ತಿದ್ದನು, ಹೆಸರು ಬರೆಯಬೇಕಾಗಿರಲಿಲ್ಲ. ಆ ಪರಿಚಯವಿಲ್ಲದ ನಮಗೆ ಉಳಿದಿರುವುದು ಬರಿಯ ಅಲಂಕಾರ.

ವೈದ್ಯವೃತ್ತಿಯಲ್ಲಿರುವ ನಮಗೆ ಮುಖವನ್ನು ಓದುವುದೇ ಮೊದಲ ಪಾಠ. ಅಂಗರಚನೆಯ ದೃಷ್ಟಿಯಿಂದ ಓನಿಜಿಯ ಕೈಗಳು ತೀರ ಚಿಕ್ಕವು, ಅವು ಹೊರಟ ಸ್ಥಾನವೂ ತಪ್ಪು. ಆದರೂ ಆ ಕ್ಷಣದ ಬಿಗಿತ ಪೂರ್ತಿ ಸತ್ಯ. 1629ರಲ್ಲಿ ಸ್ತ್ರೀಯರಿಗೆ ಕಬುಕಿ ರಂಗ ನಿಷಿದ್ಧವಾದ ಮೇಲೆ, ನಮ್ಮ ಯಕ್ಷಗಾನದ ಸ್ತ್ರೀವೇಷಧಾರಿಗಳಂತೆ, ಅಲ್ಲಿಯೂ ಗಂಡಸರೇ ಹೆಣ್ಣಾಗುತ್ತಿದ್ದರು. ಇತರ ಚಿತ್ರಕಾರರು ಅವರನ್ನು ಸುಂದರಿಯರನ್ನಾಗಿ ಬರೆದರೆ, ಶರಾಕು ಬಣ್ಣದ ಕೆಳಗಿನ ಗಂಡಸಿನ ದವಡೆಯನ್ನೂ ಇಳಿವಯಸ್ಸನ್ನೂ ಮುಚ್ಚಿಡಲಿಲ್ಲ.

ಹತ್ತು ತಿಂಗಳಲ್ಲಿ 140ಕ್ಕೂ ಹೆಚ್ಚು ಚಿತ್ರಗಳನ್ನು ಕೊಟ್ಟು ಅವನು 1795ರ ಆರಂಭದಲ್ಲಿ ಮರೆಯಾದನು. ಸತ್ಯವನ್ನು ಅತಿಯಾಗಿ ಹಿಡಿಯಹೊರಟದ್ದರಿಂದಲೇ ಅವನು ಬಹುಕಾಲ ನಿಲ್ಲಲಿಲ್ಲವೆಂಬುದು ಸಮಕಾಲೀನ ಲೇಖಕ ಓತಾ ನಾನ್ಪೊನ ಅಭಿಪ್ರಾಯ. ಅವನು ಆವಾ ಪ್ರಾಂತದ ಒಡೆಯನ ಆಶ್ರಯದಲ್ಲಿದ್ದ ಸೈತೊ ಜೂರೊಬೇ ಎಂಬ ನೋ ನಾಟಕದ ನಟನೆಂಬ ಮತಕ್ಕೆ ಇಂದು ಹೆಚ್ಚಿನ ಮನ್ನಣೆಯಿದೆ. 1910ರಲ್ಲಿ ಜರ್ಮನಿಯ ಯೂಲಿಯುಸ್ ಕುರ್ಟ್ ಬರೆದ ಗ್ರಂಥವು ಅವನ ಕೀರ್ತಿಯನ್ನು ಪಾಶ್ಚಾತ್ಯ ದೇಶಗಳಲ್ಲಿ ಬೆಳಗಿಸಿತು.

ಅಗ್ಗದ ವಸ್ತುವಿನ ಮೇಲೆ ಬಂದಮಾತ್ರಕ್ಕೆ ಕಲೆಗೆ ಅವಮಾನವಿಲ್ಲ. ಅದು ಹುಟ್ಟಿದ್ದೇ ಮಾರುಕಟ್ಟೆಯಲ್ಲಿ. ಅವಮಾನವೆಂದರೆ ಹೆಸರಿಲ್ಲದಂತಾಗುವುದು. ಪರದೇಶದಲ್ಲಿ ನಮ್ಮ ಹೆಸರನ್ನು ಜನ ಸರಿಯಾಗಿ ಉಚ್ಚರಿಸಲೆಂದು ಬಯಸುವ ನಾವು ಇದನ್ನು ಬಲ್ಲೆವು. ಮನೆಯ ಮೇಜಿನ ಮೇಲೆ ಆ ಮುಖ ಕಂಡಾಗ, ಯಾರಿವರು ಎಂದು ಮಕ್ಕಳು ಕೇಳಿದರೆ ಓತಾನಿ ಓನಿಜಿ ಎಂದು ಹೇಳೋಣ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿಯೂ ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿಯೂ ಆ ಚಿತ್ರದ ಹಳೆಯ ಪ್ರತಿಗಳಿವೆ.