ಠಾಣೆಯ ಖಾಡಿ ಮತ್ತು ದಾಟಲಾಗದ ಶಾಖ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ರೈಲು 14 ಡಬ್ಬಿಗಳಲ್ಲಿ ಸುಮಾರು 400 ಅತಿಥಿಗಳನ್ನು ಹೊತ್ತು 34 ಕಿ.ಮೀ. ದೂರದ ಠಾಣೆ ಮುಟ್ಟಿತು. ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಉಗಿ ಎಂಜಿನ್‌ಗಳು. ಠಾಣೆಯಾಚೆಗೆ ಖಾಡಿ ಅಡ್ಡವಿತ್ತು. ಅದಕ್ಕೆ ಸೇತುವೆ ಕಟ್ಟಿ, 1854ರ ಮೇ ತಿಂಗಳಲ್ಲಿ ಹಳಿಯನ್ನು ಕಲ್ಯಾಣಕ್ಕೆ ಒಯ್ದರು.

ಅದೇ 1854ರಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ರಾಂಕಿನ್ ಉಗಿಯ ಒತ್ತಡ–ಗಾತ್ರಗಳ ನಕ್ಷೆಯ ಮೇಲೆ ಪ್ರಬಂಧವೊಂದನ್ನು ಪ್ರಕಟಿಸಿದ. ಶಾಖ ಒಳಬರದೆ, ಹೊರಹೋಗದೆ ಉಗಿ ಹಿಗ್ಗುವ ದಾರಿಗೆ ಅವನು ಮೊದಲಿಟ್ಟ ಹೆಸರು ‘ಪ್ರಸರಣವಿಲ್ಲದ ರೇಖೆ’. ಮುಂದೆ ಅದು ‘ಅಡಿಯಾಬ್ಯಾಟಿಕ್’ ಆಯಿತು. ಗ್ರೀಕಿನಲ್ಲಿ ಈ ಮಾತಿನ ಅರ್ಥ ‘ದಾಟಲಾಗದ್ದು’; ಕ್ಸೆನೊಫೋನ್ ಅದನ್ನು ಬಳಸಿದ್ದು ಹಾಯ್ದುಹೋಗಲಾಗದ ನದಿಗಳಿಗೆ. ಹಿಂದಿಯವರ ‘ರುದ್ಧೋಷ್ಮ’ ಇದಕ್ಕೆ ಹತ್ತಿರದ ಒಳ್ಳೆಯ ಪದ.

ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಶಾಖ ದಾಟದಿದ್ದರೆ ಉಷ್ಣತೆಯೂ ಬದಲಾಗದು ಎಂದುಕೊಳ್ಳುತ್ತಾರೆ. ನಮ್ಮ ‘ಬಿಸಿ’ ಎಂಬ ಒಂದೇ ಮಾತು ಎರಡಕ್ಕೂ ನಡೆಯುತ್ತದಲ್ಲ! ಆದರೆ ದಾಟಲಾಗದ್ದು ಶಾಖ ಮಾತ್ರ. ಕೆಲಸಕ್ಕೆ ದಾರಿ ತೆರೆದೇ ಇದೆ. ಸಿಲಿಂಡರಿನ ಉಗಿ ಕೊಂತವನ್ನು ತಳ್ಳುವಾಗ ತನ್ನೊಳಗಿನ ಶಕ್ತಿಯನ್ನೇ ಖರ್ಚು ಮಾಡಿ ತಣಿಯುತ್ತದೆ. ಸೈಕಲ್ ಪಂಪಿನಲ್ಲಿ ಇದರ ತಿರುವು: ನಾವು ಒತ್ತುತ್ತೇವೆ, ಗಾಳಿ ಬಿಸಿಯಾಗುತ್ತದೆ.

ನಿಜವಾದ ಎಂಜಿನ್ನು ಇಷ್ಟು ಶುದ್ಧವಲ್ಲ. ಎರಕದ ಕಬ್ಬಿಣದ ಗೋಡೆ ಶಾಖ ಕುಡಿಯುತ್ತದೆ, ಸ್ವಲ್ಪ ಉಗಿ ಅಲ್ಲೇ ನೀರಾಗುತ್ತದೆ. ಸಿಲಿಂಡರಿಗೆ ಬಿಸಿ ಉಗಿಯ ಹೊದಿಕೆ ತೊಡಿಸುವ ಉಪಾಯ ಜೇಮ್ಸ್ ವಾಟ್‌ನ ಕಾಲದ್ದು. ಕೊಂತ ವೇಗವಾಗಿ ಓಡಿದರೂ ಲಾಭವೇ, ಶಾಖ ಸೋರಲು ಹೊತ್ತು ಸಿಗದು.

ಗೋಡೆಯೇ ಇಲ್ಲದ ಕಡೆ ರಾಂಕಿನ್ನನ ರೇಖೆ ಹೆಚ್ಚು ನಿಜವಾಗುತ್ತದೆ. ಕಲ್ಯಾಣದಲ್ಲಿ ಹಳಿ ಕವಲೊಡೆದು ಕಸಾರಾ, ಕರ್ಜತ್‌ಗಳ ಕಡೆ ಘಟ್ಟ ಏರುತ್ತದೆ. ಮುಂಗಾರಿನ ಗಾಳಿಯೂ ಏರುತ್ತದೆ. ದೊಡ್ಡ ಗಾಳಿರಾಶಿ ಸುತ್ತಲಿನೊಂದಿಗೆ ಶಾಖ ಹಂಚಿಕೊಳ್ಳುವುದು ಬಹಳ ನಿಧಾನ; ಮೇಲೆ ಒತ್ತಡ ಕಡಿಮೆ, ಆದ್ದರಿಂದ ಹಿಗ್ಗಿ ತಣಿಯುತ್ತದೆ. ಮೋಡ ಕಟ್ಟುವವರೆಗೆ ಪ್ರತಿ 1000 ಮೀಟರಿಗೆ ಸುಮಾರು 10 ಡಿಗ್ರಿ. ಮೋಡ ಕಟ್ಟತೊಡಗಿದ ಮೇಲೆ ಆವಿ ನೀರಾಗುತ್ತ ತನ್ನ ಶಾಖ ಬಿಡುವುದರಿಂದ ತಣಿಯುವ ವೇಗ ತಗ್ಗುತ್ತದೆ.

ನೀರು ಸುರಿಸಿ ಆಚೆ ಇಳಿಯುವ ಗಾಳಿ ಮತ್ತೆ ಒತ್ತಿಕೊಂಡು ಬಿಸಿಯಾಗುತ್ತದೆ, ಆಗ ಮೋಡ ಕರಗುತ್ತದೆ. ಡೊಂಬಿವಲಿ ನೆನೆಯುವ ದಿನ ವಿಜಯಪುರ ಆಕಾಶ ನೋಡುತ್ತ ಕೂರುವುದಕ್ಕೆ ಇದೂ ಒಂದು ಕಾರಣ.